ಬಯಲುಸೀಮೆಯ ಅಂಗಳದ ಬಿಸಿಲುಗಿಡಗಳು

ಬಯಲುಸೀಮೆಯ ಅಂಗಳದ ಬಿಸಿಲುಗಿಡಗಳು ಎಂದರೆ ಕರ್ನಾಟಕದ ಒಳನಾಡಿನ ಮನೆಗಳ ಮುಂದೆ ಹಾಗೂ ಹಿತ್ತಿಲಿನಲ್ಲಿ, ನೇರ ಬಿಸಿಲಿನಲ್ಲಿ, ಕಡಿಮೆ ನೀರು ಮತ್ತು ಸಾಧಾರಣ ಆರೈಕೆಯಿಂದಲೇ ಬೆಳೆಯಬಲ್ಲ ಹೂಗಿಡಗಳು ಮತ್ತು ಗೃಹೋಪಯೋಗಿ ಸಸ್ಯಗಳು. ದಾಸವಾಳ, ಕಾಗದದ ಹೂ, ಕಾಶಿ ಕಣಗಿಲೆ, ರತ್ನಗಂಧಿ, ದೇವಕಣಗಿಲೆ, ಚೆಂಡು ಹೂ, ತುಳಸಿ, ಕರಿಬೇವು, ನುಗ್ಗೆ, ಲೋಳೆಸರ ಮುಂತಾದವು ಈ ಗುಂಪಿಗೆ ಸೇರುತ್ತವೆ. ಇವುಗಳಲ್ಲಿ ಹಲವು ಈ ನೆಲದಲ್ಲಿ ಹುಟ್ಟಿದವಲ್ಲ. ಮೆಕ್ಸಿಕೊ, ಬ್ರೆಜಿಲ್, ಮಡಗಾಸ್ಕರ್ ಮೊದಲಾದ ಕಡೆಗಳಿಂದ ಬಂದು ಇಲ್ಲಿನ ಅಂಗಳಗಳಿಗೆ ಒಗ್ಗಿಕೊಂಡವು.

ಹೊಸದಾಗಿ ಗಿಡ ನೆಡುವವರಿಗೆ 'ಆರೈಕೆ ಬೇಡದ ಗಿಡ' ಎಂಬ ಮಾತು ಆಕರ್ಷಕವಾಗಿ ಕೇಳಿಸುತ್ತದೆ. ಆದರೆ ಈ ಮಾತಿಗೆ ಎರಡು ಅರ್ಥಗಳಿವೆ. ಬೇರೂರುವ ತನಕ ಒಂದು ವರ್ಷ ನೋಡಿಕೊಂಡರೆ ಮುಂದೆ ತನ್ನಷ್ಟಕ್ಕೆ ತಾನು ನಿಲ್ಲುವ ಗಿಡ ಒಂದು ಬಗೆ. ಯಾರ ಹಂಗೂ ಇಲ್ಲದೆ ಬೀಜ ಚೆಲ್ಲಿ, ಬೇಲಿ ದಾಟಿ, ಹೊಲ ಕಾಡುಗಳನ್ನು ಸೇರುವ ಗಿಡ ಇನ್ನೊಂದು ಬಗೆ. ಇದನ್ನು ಕಳೆ ಎಂದೇ ಕರೆಯಬೇಕು. ಹಾಗೆಯೇ ದನ ಕುರಿಗಳು ಮುಟ್ಟುವುದಿಲ್ಲವೆಂಬ ಕಾರಣಕ್ಕೆ ಮೆಚ್ಚಿ ತಂದ ಗಿಡ ಎಷ್ಟೋ ಸಲ ವಿಷದ ಗಿಡವೂ ಆಗಿರುತ್ತದೆ. ಆದ್ದರಿಂದ ಗಿಡಗಳ ಆಯ್ಕೆಯಲ್ಲಿ ಹೂವಿನ ಅಂದದ ಜೊತೆಗೆ ಈ ಎರಡು ಸಂಗತಿಗಳನ್ನೂ ಪರಿಗಣಿಸುವುದು ಅಗತ್ಯ.

ಬಿಸಿಲಿನ ಲೆಕ್ಕ

ದಿನಕ್ಕೆ ಆರು ಗಂಟೆ ಅಥವಾ ಅದಕ್ಕಿಂತ ಹೆಚ್ಚು ಕಾಲ ನೇರ ಬಿಸಿಲು ಬೀಳುವ ಜಾಗವನ್ನು ತೋಟಗಾರಿಕೆಯಲ್ಲಿ 'ಪೂರ್ಣ ಬಿಸಿಲಿನ ಜಾಗ' ಎನ್ನುತ್ತಾರೆ. ಮೂರರಿಂದ ಆರು ಗಂಟೆ ಬಿಸಿಲಿದ್ದರೆ ಅದು ಅರೆನೆರಳು. ಅಂಗಳದ ಯಾವ ಭಾಗ ಯಾವ ವರ್ಗಕ್ಕೆ ಸೇರುತ್ತದೆ ಎಂಬುದನ್ನು ಒಂದು ದಿನ ನೋಡಿ ನಿರ್ಧರಿಸಲಾಗದು, ಏಕೆಂದರೆ ಸೂರ್ಯನ ಹಾದಿ ವರ್ಷವಿಡೀ ಬದಲಾಗುತ್ತಿರುತ್ತದೆ.

ಕರ್ನಾಟಕವು ಉತ್ತರ ಅಕ್ಷಾಂಶ ಸುಮಾರು ಹನ್ನೊಂದೂವರೆ ಡಿಗ್ರಿಯಿಂದ ಹದಿನೆಂಟೂವರೆ ಡಿಗ್ರಿಯವರೆಗೆ ಹರಡಿದೆ. ಹೀಗಾಗಿ ಇಲ್ಲಿ ವರ್ಷಕ್ಕೆರಡು ಬಾರಿ ಸೂರ್ಯನು ನೆತ್ತಿಯ ಮೇಲೆ ಬರುತ್ತಾನೆ. ಬೆಂಗಳೂರಿನಲ್ಲಿ ಏಪ್ರಿಲ್ ಕೊನೆಯ ವಾರದ ಹೊತ್ತಿಗೆ ಒಮ್ಮೆ, ಆಗಸ್ಟ್ ಮೂರನೆಯ ವಾರದಲ್ಲಿ ಇನ್ನೊಮ್ಮೆ. ಕಲಬುರಗಿಯಲ್ಲಿ ಮೇ ಎರಡನೆಯ ವಾರದ ಆಸುಪಾಸು ಮತ್ತು ಆಗಸ್ಟ್ ಮೊದಲ ವಾರದಲ್ಲಿ. ಈ ಎರಡು ದಿನಗಳ ನಡುವಿನ ಅವಧಿಯಲ್ಲಿ ಮಧ್ಯಾಹ್ನದ ಸೂರ್ಯನು ನೆತ್ತಿಗಿಂತ ಸ್ವಲ್ಪ ಉತ್ತರಕ್ಕಿರುತ್ತಾನೆ. ಆಗ ಮನೆಯ ಉತ್ತರದ ಗೋಡೆಯ ಬುಡಕ್ಕೂ ಚೆನ್ನಾಗಿ ಬಿಸಿಲು ಬೀಳುತ್ತದೆ. ಡಿಸೆಂಬರ್ ಕೊನೆಯ ಹೊತ್ತಿಗೆ ಚಿತ್ರ ತಲೆಕೆಳಗಾಗುತ್ತದೆ. ಬೆಂಗಳೂರಿನಲ್ಲಿ ಆಗ ನಡುಹಗಲಿನಲ್ಲೂ ಸೂರ್ಯನ ಎತ್ತರ ಸುಮಾರು 54 ಡಿಗ್ರಿ ಮಾತ್ರ. 10 ಅಡಿ ಎತ್ತರದ ಗೋಡೆಯು ಉತ್ತರದ ಕಡೆಗೆ 7 ಅಡಿಗೂ ಮಿಕ್ಕಿ ನೆರಳು ಚೆಲ್ಲುತ್ತದೆ. ಕಲಬುರಗಿಯಲ್ಲಿ ಈ ನೆರಳು ಎಂಟೂವರೆ ಅಡಿಯಷ್ಟಾಗುತ್ತದೆ. ಬೆಳಿಗ್ಗೆ ಮತ್ತು ಸಂಜೆಯ ನೆರಳು ಇನ್ನೂ ಉದ್ದ. ಮೇ ತಿಂಗಳಲ್ಲಿ ಉತ್ತರದ ಕಿರಿದಾದ ಅಂಗಳವನ್ನು ನೋಡಿ "ಇಲ್ಲಿ ಬಿಸಿಲಿದೆ" ಎಂದು ನೆಟ್ಟ ಕಾಗದದ ಹೂವಿನ ಬಳ್ಳಿ, ಅದು ಮೈತುಂಬ ಹೂ ಬಿಡಬೇಕಾದ ಚಳಿಗಾಲದಲ್ಲಿಯೇ ಬರೀ ಎಲೆಯಾಗಿ ನಿಲ್ಲಲು ಇದೇ ಕಾರಣ.

ಪೂರ್ವದ ಅಂಗಳಕ್ಕೆ ಬೆಳಗಿನ ಬಿಸಿಲು ಸಿಗುತ್ತದೆ. ದಾಸವಾಳ, ತುಳಸಿ, ಕನಕಾಂಬರ, ನಂದಿಬಟ್ಟಲುಗಳಿಗೆ ಇದು ಉತ್ತಮ ಜಾಗ. ಪಶ್ಚಿಮದ ಅಂಗಳದಲ್ಲಿ ಮಧ್ಯಾಹ್ನದ ಮೇಲಿನ ಬಿಸಿಲಿಗೆ ಗೋಡೆ ಹಾಗೂ ಸಿಮೆಂಟಿನ ನೆಲದ ಕಾವೂ ಸೇರುವುದರಿಂದ ಕಾಗದದ ಹೂ, ರತ್ನಗಂಧಿ, ದೇವಕಣಗಿಲೆಗಳಂಥ ಗಟ್ಟಿ ಗಿಡಗಳೇ ಸೂಕ್ತ. ದಕ್ಷಿಣದ ಅಂಗಳಕ್ಕೆ ಚಳಿಗಾಲದಲ್ಲಿ ಅತಿ ಹೆಚ್ಚು ಬಿಸಿಲು ದೊರೆಯುತ್ತದೆ. ಬೆಳಿಗ್ಗೆ, ನಡುಹಗಲು ಮತ್ತು ಸಂಜೆ ನಾಲ್ಕರ ಹೊತ್ತಿಗೆ ನೆರಳಿನ ಅಂಚಿನಲ್ಲಿ ರಂಗೋಲಿ ಪುಡಿಯಿಂದ ಗೆರೆ ಎಳೆದು ನೋಡುವುದು ಸುಲಭದ ಉಪಾಯ. ಇದನ್ನು ಬೇಸಿಗೆಯಲ್ಲೊಮ್ಮೆ, ಚಳಿಗಾಲದಲ್ಲೊಮ್ಮೆ ಮಾಡಿದರೆ ಅಂಗಳದ ನಿಜವಾದ ಪರಿಚಯವಾಗುತ್ತದೆ. ಶಾಲೆಯ ಕೈತೋಟಗಳಲ್ಲಿ ಮಕ್ಕಳಿಂದ ಮಾಡಿಸಲು ಇದಕ್ಕಿಂತ ಒಳ್ಳೆಯ ಭೂಗೋಳದ ಪಾಠ ಕಡಿಮೆ.

ಮಣ್ಣು

ಬಯಲುಸೀಮೆಯ ದಕ್ಷಿಣ ಭಾಗದಲ್ಲಿ, ಎಂದರೆ ಕೋಲಾರ, ಬೆಂಗಳೂರು, ತುಮಕೂರು, ಮೈಸೂರು ಜಿಲ್ಲೆಗಳಲ್ಲಿ, ಕೆಂಪು ಮಣ್ಣು ಹೆಚ್ಚು. ಇದರಲ್ಲಿ ನೀರು ಬೇಗ ಇಂಗುತ್ತದೆ, ಬೇಗ ಒಣಗುತ್ತದೆ. ಬಿಸಿಲುಗಿಡಗಳಿಗೆ ಒಪ್ಪುವ ಮಣ್ಣು ಇದು. ಕೊಟ್ಟಿಗೆ ಗೊಬ್ಬರ ಸೇರಿಸಿದರೆ ಸಾಕು. ಧಾರವಾಡ, ಗದಗ, ವಿಜಯಪುರ, ಕಲಬುರಗಿಗಳ ಎರೆಭೂಮಿಯ ಗುಣ ಬೇರೆ. ಕಪ್ಪು ಎರೆಮಣ್ಣು ಮಳೆಗಾಲದಲ್ಲಿ ಉಬ್ಬಿ ನೀರನ್ನು ಹಿಡಿದಿಟ್ಟುಕೊಳ್ಳುತ್ತದೆ, ಬೇಸಿಗೆಯಲ್ಲಿ ಬಿರುಕು ಬಿಡುತ್ತದೆ. ಇಲ್ಲಿ ಗಿಡಗಳು ಸಾಯುವುದು ಹೆಚ್ಚಾಗಿ ಬಿಸಿಲಿನಿಂದಲ್ಲ, ಶ್ರಾವಣದ ಜಡಿಮಳೆಯಲ್ಲಿ ಬೇರು ಕೊಳೆಯುವುದರಿಂದ. ನೆಲಮಟ್ಟಕ್ಕಿಂತ ಒಂದಡಿ ಎತ್ತರದ ದಿಬ್ಬ ಮಾಡಿ ನೆಡುವುದು ಅಲ್ಲಿ ರೂಢಿಯಲ್ಲಿರುವ ಪರಿಹಾರ. ಸುಣ್ಣದ ಅಂಶ ಹೆಚ್ಚಿರುವ ಮಣ್ಣಿನಲ್ಲಿ ದಾಸವಾಳದ ಎಳೆಯ ಎಲೆಗಳು ನರಗಳಷ್ಟೇ ಹಸಿರಾಗಿ ಉಳಿದು ಉಳಿದ ಭಾಗ ಹಳದಿಯಾಗುವುದುಂಟು. ಇದು ಕಬ್ಬಿಣಾಂಶದ ಕೊರತೆಯ ಲಕ್ಷಣ. ಇದನ್ನು ನೀರಿನ ಕೊರತೆಯೆಂದು ಭಾವಿಸಿ ಮತ್ತಷ್ಟು ನೀರು ಸುರಿದರೆ ಗಿಡ ಇನ್ನಷ್ಟು ಸೊರಗುತ್ತದೆ.

ಹೊಸದಾಗಿ ಕಟ್ಟಿದ ಮನೆಗಳ ಅಂಗಳದಲ್ಲಿ ಮೂರನೆಯದೊಂದು ಬಗೆಯ ಮಣ್ಣಿರುತ್ತದೆ. ಅದನ್ನು ಮಣ್ಣೆನ್ನುವುದೇ ಕಷ್ಟ. ಪಾಯ ತೋಡಿದಾಗ ಹೊರಬಂದ ಸಾರವಿಲ್ಲದ ಒಳಮಣ್ಣು, ಇಟ್ಟಿಗೆಚೂರು, ಗಟ್ಟಿಯಾದ ಸಿಮೆಂಟು, ಸುಣ್ಣ ಎಲ್ಲವೂ ಮೇಲೆ ಹರಡಿರುತ್ತವೆ. ಅಂಥಲ್ಲಿ ಪೊದೆಗಿಡಗಳಿಗೆ ಕನಿಷ್ಠ ಒಂದೂವರೆ ಅಡಿ ಉದ್ದ, ಅಗಲ, ಆಳದ ಗುಂಡಿ ತೆಗೆದು, ಬಂದ ಕಸವನ್ನು ಹೊರಹಾಕಿ, ಹೊರಗಿನಿಂದ ತಂದ ಮಣ್ಣು ಮತ್ತು ಗೊಬ್ಬರ ತುಂಬಬೇಕಾಗುತ್ತದೆ. ಗುಂಡಿಗೆ ನೀರು ತುಂಬಿ ನೋಡುವುದು ಒಳ್ಳೆಯದು. ಕೆಲವು ಗಂಟೆಗಳಲ್ಲಿ ನೀರು ಇಂಗಿದರೆ ಸರಿ. ಮರುದಿನವೂ ನಿಂತಿದ್ದರೆ ಆ ಜಾಗವನ್ನು ಎತ್ತರಿಸಬೇಕು ಅಥವಾ ಬಿಡಬೇಕು.

ಹೂಗಿಡಗಳು

ದಾಸವಾಳವು ಬಯಲುಸೀಮೆಯ ಅಂಗಳದಲ್ಲಿ ಅತ್ಯಂತ ಸಾಮಾನ್ಯವಾಗಿ ಕಾಣುವ ಪೊದೆಗಿಡ. ಇದರ ವೈಜ್ಞಾನಿಕ ಹೆಸರು ಹೈಬಿಸ್ಕಸ್ ರೋಸಾ-ಸೈನೆನ್ಸಿಸ್. ಹೂವಿನ ಆಯುಷ್ಯ ಸಾಮಾನ್ಯವಾಗಿ ಒಂದೇ ದಿನವಾದರೂ ವರ್ಷದ ಬಹುಭಾಗ ಹೊಸ ಮೊಗ್ಗು ಬರುತ್ತಲೇ ಇರುವುದರಿಂದ ದೇವರ ಪೂಜೆಗೆ ಹೂ ತಪ್ಪುವುದಿಲ್ಲ. ಐದು ಎಸಳಿನ ಕೆಂಪು ನಾಟಿ ದಾಸವಾಳವು ಹೊಸಬರಿಗೆ ಹೇಳಿ ಮಾಡಿಸಿದ ಗಿಡ. ತಟ್ಟೆಯಗಲದ, ಎರಡು ಮೂರು ಬಣ್ಣ ಬೆರೆತ ಹೈಬ್ರಿಡ್ ತಳಿಗಳು ನರ್ಸರಿಯಲ್ಲಿ ಕಣ್ಸೆಳೆಯುತ್ತವೆ; ಆದರೆ ಅವು ನಾಟಿ ಗಿಡದಷ್ಟು ಗಟ್ಟಿಯಲ್ಲ, ಕೀಟಬಾಧೆಯೂ ಅವಕ್ಕೆ ಬೇಗ ತಗಲುತ್ತದೆ. ಪೆನ್ಸಿಲಿನ ದಪ್ಪದ, ಆರೆಂಟು ಅಂಗುಲ ಉದ್ದದ ಬಲಿತ ಕಡ್ಡಿಯನ್ನು ಮಳೆಗಾಲದ ಆರಂಭದಲ್ಲಿ ನೆಟ್ಟರೆ ಚಿಗುರುತ್ತದೆ. ಆದ್ದರಿಂದ ನೆರೆಮನೆಯಲ್ಲಿ ಚೆನ್ನಾಗಿ ಹೂ ಬಿಡುತ್ತಿರುವ ಗಿಡದ ಕಡ್ಡಿಯನ್ನು ಕೇಳಿ ತರುವುದು ದುಡ್ಡು ಕೊಟ್ಟು ಕೊಳ್ಳುವುದಕ್ಕಿಂತ ಜಾಣತನ. ಆ ಮಣ್ಣು ಆ ಬಿಸಿಲಿಗೆ ಅದು ಒಗ್ಗಿದೆಯೆಂಬುದು ಕಣ್ಣಿಗೇ ಕಾಣುತ್ತಿರುತ್ತದೆ. ಈ ಲೇಖನದಲ್ಲಿರುವ ಪೊದೆಗಳಲ್ಲಿ ನೀರನ್ನು ತುಸು ಹೆಚ್ಚಾಗಿ ಕೇಳುವುದು ದಾಸವಾಳವೇ. ಬಿರುಬೇಸಿಗೆಯಲ್ಲಿ ನೀರು ತಪ್ಪಿದರೆ ಮೊಗ್ಗು ಉದುರುತ್ತವೆ. ಇದರ ಮುಖ್ಯ ಶತ್ರು ಹಿಟ್ಟುತಿಗಣೆ. ಚಿಗುರಿನ ತುದಿಯಲ್ಲಿ ಹತ್ತಿಯಂತೆ ಬೆಳ್ಳಗೆ ಅಂಟಿಕೊಂಡಿರುವ ಈ ಕೀಟಗಳು ಸ್ರವಿಸುವ ಸಿಹಿಯಾದ ಅಂಟಿಗಾಗಿ ಇರುವೆಗಳು ಸಾಲುಗಟ್ಟುತ್ತವೆ. ಇರುವೆಯ ಸಾಲು ಕಂಡೊಡನೆ ತುದಿಯನ್ನು ಕತ್ತರಿಸಿ ತೆಗೆದು, ಗಿಡವನ್ನು ರಭಸದ ನೀರಿನಿಂದ ತೊಳೆದರೆ ಹೆಚ್ಚಿನ ಸಂದರ್ಭಗಳಲ್ಲಿ ಅಷ್ಟೇ ಸಾಕಾಗುತ್ತದೆ.

ಕಾಗದದ ಹೂ ಅಥವಾ ಬೂಗನ್‌ವಿಲಿಯ ದಕ್ಷಿಣ ಅಮೆರಿಕದ ಗಿಡ. ಫ್ರೆಂಚ್ ನಾವಿಕ ಲೂಯಿ ಆಂಟ್ವಾನ್ ದ ಬೂಗನ್‌ವಿಲ್ ಅವರ 1766-69ರ ಭೂಪ್ರದಕ್ಷಿಣೆಯ ಕಾಲದಲ್ಲಿ, ಜೊತೆಯಲ್ಲಿದ್ದ ಸಸ್ಯಶಾಸ್ತ್ರಜ್ಞ ಫಿಲಿಬೆರ್ ಕೊಮರ್ಸನ್ ಇದನ್ನು ಬ್ರೆಜಿಲಿನ ರಿಯೊ ಡಿ ಜನೈರೊ ಬಳಿ ಗುರುತಿಸಿದರು. ಹೆಸರು ಬಂದದ್ದು ನಾವಿಕನಿಂದ. ಬಣ್ಣದ ಕಾಗದದಂತೆ ಕಾಣುವುವು ಹೂವಿನ ಎಸಳುಗಳಲ್ಲ, ರೂಪ ಬದಲಿಸಿದ ಎಲೆಗಳು. ನಿಜವಾದ ಹೂಗಳು ಅವುಗಳ ನಡುವೆ ಮೂರು ಮೂರಾಗಿ ಇರುವ ಸಣ್ಣ ಬಿಳಿ ಕೊಳವೆಗಳು. ಬೆಂಗಳೂರಿನ ಹೊರವಲಯದ ಹೆಸರಘಟ್ಟದಲ್ಲಿರುವ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯಲ್ಲಿ ಈ ಗಿಡದ ತಳಿ ಅಭಿವೃದ್ಧಿಯ ಕೆಲಸ ನಡೆದಿದೆ.

ಈ ಗಿಡದ ಸ್ವಭಾವ ಹೊಸಬರನ್ನು ಗೊಂದಲಕ್ಕೀಡುಮಾಡುತ್ತದೆ. ನೀರು ಹೆಚ್ಚಾದಷ್ಟೂ ಎಲೆ ಹೆಚ್ಚು, ಬಣ್ಣ ಕಡಿಮೆ. ಮಣ್ಣು ಒಣಗಿ ಎಲೆಗಳು ತುಸು ಬಾಡುವವರೆಗೆ ಬಿಟ್ಟು ನಂತರ ನೀರುಣಿಸಿದರೆ ಹೂ ತುಂಬಿಕೊಳ್ಳುತ್ತದೆ. ಹೀಗೆ ನಿರ್ಲಕ್ಷ್ಯವನ್ನೇ ಆರೈಕೆಯಾಗಿ ಸ್ವೀಕರಿಸುವ ಗಿಡ ಇದು. ಆದರೆ ಕೊಕ್ಕೆಯಂಥ ಮುಳ್ಳುಗಳಿರುವುದರಿಂದ ಗೇಟಿನ ಪಕ್ಕದಲ್ಲಿ, ಮಕ್ಕಳು ಓಡಾಡುವ ದಾರಿಯಲ್ಲಿ ನೆಟ್ಟರೆ ತಿಂಗಳಿಗೊಮ್ಮೆ ಕತ್ತರಿ ಹಿಡಿಯಬೇಕಾಗುತ್ತದೆ. ಕಾಂಪೌಂಡಿನ ಮೂಲೆಯಲ್ಲಿದ್ದರೆ ವರ್ಷಕ್ಕೊಂದೆರಡು ಸಲ ಸವರಿದರೆ ಸಾಕು. ಕೆಲಸ ಕಡಿಮೆಯೋ ಹೆಚ್ಚೋ ಎಂಬುದು ಗಿಡದ ಜಾತಿಯಷ್ಟೇ ಅದನ್ನು ನೆಟ್ಟ ಜಾಗವನ್ನೂ ಅವಲಂಬಿಸಿದೆ.

ರತ್ನಗಂಧಿಯು ಕೆಂಪು ಹಳದಿ ಹೂಗಳ, ಚಿಟ್ಟೆಗಳನ್ನು ಸೆಳೆಯುವ, ಬೀಜದಿಂದ ಸುಲಭವಾಗಿ ಬೆಳೆಯುವ ಪೊದೆ. ಇದರ ಕೊಂಬೆಗಳಲ್ಲೂ ಮುಳ್ಳುಗಳಿರುತ್ತವೆ. ನಂದಿಬಟ್ಟಲು ಬಿಸಿಲು, ಅರೆನೆರಳು ಎರಡಕ್ಕೂ ಹೊಂದಿಕೊಳ್ಳುವುದರಿಂದ ಜಾಗದ ಲೆಕ್ಕ ಸ್ವಲ್ಪ ತಪ್ಪಿದರೂ ಕೈಬಿಡುವುದಿಲ್ಲ. ದೇವಕಣಗಿಲೆಯ ಕೊಂಬೆಯನ್ನು ಕಡಿದು, ಹಾಲು ಸೋರಿ ಗಾಯ ಒಣಗುವವರೆಗೆ ಕೆಲವು ದಿನ ನೆರಳಿನಲ್ಲಿಟ್ಟು ಆಮೇಲೆ ನೆಡುತ್ತಾರೆ. ಹಸಿಗಾಯದಲ್ಲೇ ನೆಟ್ಟರೆ ಕೊಳೆಯುವ ಸಂಭವ ಹೆಚ್ಚು. ಟೇಬಲ್ ರೋಸ್ ಅಥವಾ ಹತ್ತು ಗಂಟೆ ಹೂ ಬಿಸಿಲೇರಿದ ಮೇಲೆ ಅರಳಿ ಇಳಿಹೊತ್ತಿಗೆ ಮುದುಡುವ ನೆಲಗಿಡ. ಒಂದು ಗೇಣು ಮಣ್ಣಿದ್ದರೂ ಬದುಕುತ್ತದೆ, ನೆರಳಿನಲ್ಲಿ ಮಾತ್ರ ಅರಳುವುದಿಲ್ಲ.

ಚೆಂಡು ಹೂ ಮೆಕ್ಸಿಕೊ ಮೂಲದ್ದು. ಮೂರು ನಾಲ್ಕು ತಿಂಗಳಲ್ಲಿ ಆಯುಷ್ಯ ಮುಗಿಸುವ ಗಿಡವಾದರೂ ಬೀಜ ಹಿಡಿಯುವುದು ಸುಲಭ. ಆಯುಧಪೂಜೆಗೆ ಬಾಗಿಲಿಗೆ ಕಟ್ಟಿದ ಮಾಲೆ ಒಣಗಿದ ಮೇಲೆ ಅದನ್ನು ಅಂಗಳದ ಮೂಲೆಯಲ್ಲಿ ಉದುರಿಸಿ, ಸಸಿ ಎದ್ದುದನ್ನು ನೋಡುವುದು ಎಷ್ಟೋ ಮನೆಗಳಲ್ಲಿ ಮಕ್ಕಳ ಮೊದಲ ತೋಟಗಾರಿಕೆ. ಹೈಬ್ರಿಡ್ ಹೂವಿನ ಬೀಜದಿಂದ ಬಂದ ಗಿಡಗಳು ತಾಯಿಗಿಡದಂತೆಯೇ ಇರುತ್ತವೆಂಬ ಭರವಸೆಯಿಲ್ಲ. ಮಲ್ಲಿಗೆ, ಗುಲಾಬಿ, ಸೇವಂತಿಗೆಗಳೂ ಬಿಸಿಲು ಬಯಸುವ ಗಿಡಗಳೇ. ಆದರೆ ಸವರುವಿಕೆ, ಗೊಬ್ಬರ, ಕೀಟ ನಿರ್ವಹಣೆಗಳನ್ನು ಕಾಲಕಾಲಕ್ಕೆ ಬೇಡುವುದರಿಂದ ಅವುಗಳನ್ನು ಮೊದಲ ವರ್ಷದ ಪಟ್ಟಿಗೆ ಸೇರಿಸದಿರುವುದೇ ಲೇಸು. ಹುಲ್ಲುಹಾಸಿನ ವಿಷಯವೂ ಅಷ್ಟೇ. ನೋಡಲು ಸರಳ, ನೀರು ಮತ್ತು ಕತ್ತರಿಕೆಯ ವಿಷಯದಲ್ಲಿ ಅಂಗಳದ ಎಲ್ಲ ಗಿಡಗಳಿಗಿಂತ ದುಬಾರಿ.

ಗೃಹೋಪಯೋಗಿ ಗಿಡಗಳು

ತುಳಸಿಗೆ ಬಿಸಿಲು ಅತ್ಯಗತ್ಯ. ಹಳೆಯ ಮನೆಗಳ ತೆರೆದ ಅಂಗಳದ ನಡುವೆ ಬೃಂದಾವನವಿರುತ್ತಿದ್ದುದರಿಂದ ಅದಕ್ಕೆ ಬಿಸಿಲಿನ ಕೊರತೆಯಿರುತ್ತಿರಲಿಲ್ಲ. ಬಾಲ್ಕನಿಯ ನೆರಳಿಗೆ ಬಂದ ಮೇಲೆ ಅದು ಸೊರಗತೊಡಗಿತು. ಕದಿರು ಬಲಿಯಲು ಬಿಟ್ಟರೆ ಗಿಡ ಬೇಗ ಮುಪ್ಪಾಗುತ್ತದೆ. ಕದಿರನ್ನು ಆಗಾಗ ಚಿವುಟುತ್ತಿದ್ದರೆ ಎಲೆ ಒತ್ತಾಗಿ ಬರುತ್ತದೆ.

ಕರಿಬೇವು ಮೊದಲ ವರ್ಷ ನಿಧಾನವಾಗಿ ಬೆಳೆಯುತ್ತದೆ. ಈ ಅವಧಿಯಲ್ಲಿ ಒಗ್ಗರಣೆಗೆಂದು ಎಲೆ ಕೀಳುತ್ತಿದ್ದರೆ ಗಿಡ ಮೇಲೇಳುವುದಿಲ್ಲ. ಬೇರಿನಿಂದ ಏಳುವ ಮರಿಗಳನ್ನು ಬೇರ್ಪಡಿಸಿ ನೆಡಬಹುದು. ಬೀಜದಿಂದ ಬೆಳೆಸುವುದಾದರೆ ಹಣ್ಣಾದ ಕೂಡಲೇ ಬಿತ್ತಬೇಕು. ಒಣಗಿಸಿಟ್ಟ ಬೀಜ ಮೊಳಕೆಯ ಶಕ್ತಿಯನ್ನು ಬೇಗ ಕಳೆದುಕೊಳ್ಳುತ್ತದೆ. ಎಲೆಗಳ ಮೇಲೆ ಹಕ್ಕಿಯ ಹಿಕ್ಕೆಯಂತೆ ಕಾಣುವ ಹುಳುಗಳು ಮುಂದೆ ಸುಂದರ ಚಿಟ್ಟೆಗಳಾಗುವುವು. ಗಿಡ ದೊಡ್ಡದಿದ್ದರೆ ಅವಕ್ಕೂ ಒಂದು ಪಾಲು ಬಿಡಬಹುದು.

ನುಗ್ಗೆಯು ಬರವನ್ನು ತಾಳಿಕೊಳ್ಳುವ ಮರ. ತಮಿಳುನಾಡಿನ ಪೆರಿಯಕುಳಂನಲ್ಲಿ ಅಭಿವೃದ್ಧಿಪಡಿಸಿದ ಪಿಕೆಎಂ-1 ತಳಿಯನ್ನು ಬೀಜದಿಂದ ಬೆಳೆಸುತ್ತಾರೆ. ಅದು ಮೊದಲ ವರ್ಷದಲ್ಲೇ ಕಾಯಿ ಬಿಡುತ್ತದೆ. ಆದರೆ ನುಗ್ಗೆಯ ಕೊಂಬೆ ಬಲು ಮೆದು, ಗಾಳಿಗೆ ಮುರಿಯುತ್ತದೆ. ಕಂಬಳಿಹುಳುಗಳು ಕಾಂಡದ ಮೇಲೆ ಗುಂಪುಗಟ್ಟುವುದೂ ಉಂಟು. ಅವುಗಳ ರೋಮ ತಗುಲಿದರೆ ಚರ್ಮಕ್ಕೆ ತೀವ್ರ ತುರಿಕೆಯಾಗುತ್ತದೆ. ಕಿಟಕಿ ಬಾಗಿಲುಗಳಿಂದ, ಬಟ್ಟೆ ಒಣಗಿಸುವ ಜಾಗದಿಂದ ದೂರವಿಟ್ಟು ಹಿತ್ತಿಲಿನಲ್ಲಿ ನೆಡುವ ಹಿರಿಯರ ರೂಢಿಗೆ ಕಾರಣ ಇಲ್ಲಿದೆ. ಲೋಳೆಸರಕ್ಕೆ ಬೇಕಾದದ್ದು ಮರಳು ಬೆರೆತ ಮಣ್ಣು ಮತ್ತು ನೀರು ಕೊಡದಿರುವ ಸಂಯಮ. ಹಗಲಿನ ಕಾವಿನಲ್ಲಿ ತೇವ ನಷ್ಟವಾಗದಂತೆ ಅದು ಪತ್ರರಂಧ್ರಗಳನ್ನು ಮುಖ್ಯವಾಗಿ ರಾತ್ರಿಯ ಹೊತ್ತು ತೆರೆಯುತ್ತದೆ.

ಕಣಗಿಲೆಗಳು: ಹೆಸರಿನ ಗೊಂದಲ ಮತ್ತು ವಿಷಗುಣ

ಕನ್ನಡದಲ್ಲಿ ಕಣಗಿಲೆ ಎಂಬ ಹೆಸರನ್ನು ಕನಿಷ್ಠ ನಾಲ್ಕು ಬೇರೆ ಬೇರೆ ಗಿಡಗಳಿಗೆ ಬಳಸುತ್ತಾರೆ. ಬರಿಯ ಕಣಗಿಲೆ ಎಂದರೆ ನೀಳವಾದ ಎಲೆಗಳ, ಗುಲಾಬಿ, ಬಿಳಿ ಅಥವಾ ಕೆಂಪು ಹೂಗಳ ಎತ್ತರದ ಪೊದೆ; ಸಂಸ್ಕೃತದಲ್ಲಿ ಕರವೀರ, ವಿಜ್ಞಾನದಲ್ಲಿ ನೀರಿಯಂ ಓಲಿಯಾಂಡರ್. ಕಾಡುಕಣಗಿಲೆ ಎಂದರೆ ಹಳದಿ ಗಂಟೆಯಂಥ ಹೂವಿನ ಸಣ್ಣ ಮರ, ಮೆಕ್ಸಿಕೊ ಮತ್ತು ಮಧ್ಯ ಅಮೆರಿಕದಿಂದ ಬಂದದ್ದು. ಕಾಶಿ ಕಣಗಿಲೆ ಎಂದರೆ ಮೊಣಕಾಲೆತ್ತರದ, ನಿತ್ಯವೂ ಹೂ ಬಿಡುವ ಮಡಗಾಸ್ಕರಿನ ಗಿಡ. ನಿತ್ಯಪುಷ್ಪ, ಸದಾಪುಷ್ಪ ಎಂಬ ಹೆಸರುಗಳೂ ಇದಕ್ಕಿವೆ. ದೇವಕಣಗಿಲೆ ಎಂದರೆ ದಪ್ಪ ಕೊಂಬೆಗಳ, ಸುವಾಸನೆಯ ಹೂವಿನ ಮರ. ಗೋಸಂಪಿಗೆ ಎಂದೂ ಕರೆಯುತ್ತಾರೆ. ನಾಲ್ಕೂ ಅಪೋಸೈನೇಸಿ ಎಂಬ ಒಂದೇ ಸಸ್ಯಕುಟುಂಬಕ್ಕೆ ಸೇರಿದವು. ನಾಲ್ಕನ್ನು ಮುರಿದರೂ ಹಾಲಿನಂಥ ಅಥವಾ ಅಂಟಾದ ರಸ ಬರುತ್ತದೆ. ಆದರೆ ಗುಣದಲ್ಲಿ ಒಂದಕ್ಕೊಂದಕ್ಕೆ ಬಹಳ ಅಂತರವಿದೆ.

ಕಣಗಿಲೆ ಮತ್ತು ಕಾಡುಕಣಗಿಲೆಗಳು ಬೇರಿನಿಂದ ಹೂವಿನವರೆಗೆ ವಿಷಯುಕ್ತ. ಇವುಗಳಲ್ಲಿರುವ ಗ್ಲೈಕೊಸೈಡ್ ಎಂಬ ರಾಸಾಯನಿಕಗಳು ಹೃದಯದ ಬಡಿತವನ್ನು ಏರುಪೇರು ಮಾಡುತ್ತವೆ. ವಾಂತಿ, ಹೊಟ್ಟೆನೋವು, ತಲೆಸುತ್ತುಗಳಿಂದ ಆರಂಭವಾಗುವ ತೊಂದರೆ ಪ್ರಾಣಕ್ಕೂ ಎರವಾಗಬಹುದು. ಕಾಡುಕಣಗಿಲೆಯ ಕಾಯೊಳಗಿನ ಬೀಜ ವಿಶೇಷವಾಗಿ ಅಪಾಯಕಾರಿ. ಮಕ್ಕಳು ಆ ಕಾಯನ್ನು ಆಟದ ವಸ್ತುವಾಗಿ ಹೆಕ್ಕುವುದರಿಂದ ಶಾಲೆ, ಅಂಗನವಾಡಿಗಳ ಅಂಗಳಕ್ಕೆ ಈ ಮರ ಸರ್ವಥಾ ಸಲ್ಲದು. ಇದೇ ಗಿಡಗಳು ಹೊಗೆ, ಧೂಳು, ಬರ, ಬಿಸಿಲು ಎಲ್ಲವನ್ನೂ ತಡೆಯುತ್ತವೆ, ಮೇಕೆಯೂ ಮುಟ್ಟುವುದಿಲ್ಲ. ಹೆದ್ದಾರಿಗಳ ನಡುಪಟ್ಟಿಯಲ್ಲಿ ಕಣಗಿಲೆಯನ್ನು ಸಾಲಾಗಿ ನೆಡುವುದು ಈ ಗುಣಗಳಿಗಾಗಿಯೇ. ಆರೈಕೆ ಬೇಡದ ಗಿಡಗಳ ಯಾವ ಪಟ್ಟಿಯಲ್ಲೂ ಕಣಗಿಲೆ ಮೊದಲ ಸ್ಥಾನಗಳಲ್ಲಿ ಬರುತ್ತದೆ, ಜೊತೆಗೆ ಕೊಡಬೇಕಾದ ಎಚ್ಚರಿಕೆ ಮಾತ್ರ ಹಲವು ಪಟ್ಟಿಗಳಲ್ಲಿ ಬರುವುದಿಲ್ಲ. ಸಣ್ಣ ಮಕ್ಕಳು, ಕಟ್ಟಿ ಸಾಕಿದ ಹಸು ಕರುಗಳು ಇಲ್ಲದ ಮನೆಯವರು, ಹೂವಿಗಾಗಿ ಇದನ್ನು ಬೇಲಿಯಂಚಿನಲ್ಲಿ ಬೆಳೆಸಬಹುದು. ಸವರಿದ ಕೊಂಬೆಗಳನ್ನು ದನದ ಮೇವಿನೊಡನೆ ಸೇರದಂತೆ ನೋಡಿಕೊಳ್ಳಬೇಕು, ಸೌದೆಯಾಗಿ ಉರಿಸಬಾರದು, ಕೆಲಸ ಮುಗಿದ ಮೇಲೆ ಕೈ ತೊಳೆಯಬೇಕು. ಯಾರಾದರೂ ಇದರ ಯಾವುದೇ ಭಾಗವನ್ನು ತಿಂದಿದ್ದರೆ ಮನೆಮದ್ದಿನಲ್ಲಿ ಹೊತ್ತು ಕಳೆಯದೆ, ಗಿಡದ ಒಂದು ಎಲೆಯನ್ನೂ ತೆಗೆದುಕೊಂಡು ಆಸ್ಪತ್ರೆಗೆ ಹೋಗುವುದು ಸರಿಯಾದ ಕ್ರಮ.

ಕಾಶಿ ಕಣಗಿಲೆಯ ಕಥೆ ಬೇರೆ. ಇದರಿಂದ ಪಡೆದ ವಿನ್‌ಕ್ರಿಸ್ಟಿನ್ ಮತ್ತು ವಿನ್‌ಬ್ಲಾಸ್ಟಿನ್ ಎಂಬ ಔಷಧಗಳು ರಕ್ತದ ಕ್ಯಾನ್ಸರ್ ಮತ್ತು ಹಾಡ್‌ಕಿನ್ ರೋಗದ ಚಿಕಿತ್ಸೆಯಲ್ಲಿ ಬಳಕೆಯಲ್ಲಿವೆ. ಈ ಖ್ಯಾತಿಯಿಂದಾಗಿ ಇದರ ಎಲೆಯನ್ನು ಸಕ್ಕರೆ ಕಾಯಿಲೆಗೆಂದು ಹಸಿಯಾಗಿ ತಿನ್ನುವ ರೂಢಿಯೂ ಕೆಲವೆಡೆ ಇದೆ. ಆದರೆ ಔಷಧವಾಗುವಷ್ಟು ಪ್ರಬಲವಾದ ಅದೇ ಅಂಶಗಳು ಅಳತೆಯಿಲ್ಲದೆ ದೇಹ ಸೇರಿದರೆ ಹಾನಿಕರ. ಮೇಲಾಗಿ ಹೆಸರಿನ ಗೊಂದಲದಿಂದ ಬೇರೊಂದು ಕಣಗಿಲೆಯ ಎಲೆ ಬಾಯಿಗೆ ಹೋದರೆ ಅನಾಹುತವಾಗುತ್ತದೆ. ಅಂಗಳದ ಗಿಡವಾಗಿ ಮಾತ್ರ ಕಾಶಿ ಕಣಗಿಲೆ ಹೊಸಬರ ಪಾಲಿಗೆ ನಿಜವಾದ ಗೆಳೆಯ. ಗೋಡೆಯ ಬಿರುಕಿನಲ್ಲೂ ಹುಟ್ಟುತ್ತದೆ, ಬೀಜ ಉದುರಿಸಿ ಪಕ್ಕದಲ್ಲೇ ಮರಿ ಮಾಡುತ್ತದೆ, ಬೇಡವಾದ ಕಡೆ ಕೈಯಿಂದ ಕಿತ್ತರೆ ಬರುತ್ತದೆ. ನೀರು ನಿಲ್ಲುವ ಜಾಗದಲ್ಲಿ ಬುಡ ಕೊಳೆಯುವುದೊಂದೇ ಅದರ ದೌರ್ಬಲ್ಯ.

ಎಕ್ಕದ ಹಾಲು ಕಣ್ಣಿಗೆ ಬಿದ್ದರೆ ತೀವ್ರ ಹಾನಿಯಾಗುತ್ತದೆ. ಕಸದ ರಾಶಿಯ ಪಕ್ಕದಲ್ಲಿ ತಾನಾಗಿ ಏಳುವ ಹರಳು ಗಿಡದ ಬೀಜವೂ ವಿಷಯುಕ್ತ.

ಅಂಗಳ ದಾಟುವ ಗಿಡಗಳು

ಲಂಟಾನವನ್ನು 19ನೇ ಶತಮಾನದ ಆರಂಭದಲ್ಲಿ ಅಲಂಕಾರದ ಗಿಡವಾಗಿ ಭಾರತಕ್ಕೆ ತರಲಾಯಿತು. ಬಿಸಿಲಿಗೆ ಅಂಜದ, ವರ್ಷವಿಡೀ ಬಣ್ಣಬಣ್ಣದ ಹೂ ಗೊಂಚಲು ಬಿಡುವ, ದನ ತಿನ್ನದ ಈ ಪೊದೆ ಅಂದಿನ ತೋಟಗಾರರಿಗೆ ಆದರ್ಶವಾಗಿ ಕಂಡಿದ್ದರೆ ಆಶ್ಚರ್ಯವಿಲ್ಲ. ಪಿಕಳಾರದಂಥ ಹಕ್ಕಿಗಳು ಹಣ್ಣು ತಿಂದು ಬೀಜವನ್ನು ದೂರ ದೂರಕ್ಕೆ ಒಯ್ದವು. ಇಂದು ಬಂಡೀಪುರ, ಬಿಳಿಗಿರಿರಂಗನ ಬೆಟ್ಟ, ಮಲೆ ಮಹದೇಶ್ವರ ಬೆಟ್ಟದ ಕಾಡುಗಳಲ್ಲಿ ನೆಲದ ಹುಲ್ಲು ಮತ್ತು ಸಸಿಗಳನ್ನು ಮುಚ್ಚಿಹಾಕಿರುವ ಮುಖ್ಯ ಕಳೆ ಇದೇ. ಮಲೆ ಮಹದೇಶ್ವರ ಬೆಟ್ಟದ ಸೋಲಿಗರು ಇದರ ಕಡ್ಡಿಯಿಂದ ಕುರ್ಚಿ ಮೇಜುಗಳನ್ನು ತಯಾರಿಸುತ್ತಿರುವುದು ಶ್ಲಾಘನೀಯವಾದರೂ ಹರಡಿರುವ ವಿಸ್ತಾರದ ಮುಂದೆ ಅದು ಅಲ್ಪ.

ಇದು ಹಳೆಯ ಕಾಲದ ತಪ್ಪಷ್ಟೇ ಅಲ್ಲ. ಹಳದಿ ಹೂವಿನ ನೆರಳುಮರವೆಂದು ತಂದ ಸೆನ್ನಾ ಸ್ಪೆಕ್ಟಾಬಿಲಿಸ್ ಈಗ ಬಂಡೀಪುರ, ನಾಗರಹೊಳೆ, ವಯನಾಡುಗಳಲ್ಲಿ ಅರಣ್ಯ ಇಲಾಖೆಗಳಿಗೆ ತಲೆನೋವಾಗಿದೆ. ನೆಲವನ್ನು ಬೇಗ ಮುಚ್ಚುತ್ತದೆಂದು ಮಾರಾಟವಾಗುವ, ಹಳದಿ ಸೇವಂತಿಗೆಯಂಥ ಪುಟ್ಟ ಹೂವಿನ ವೆಡೀಲಿಯ ಬಳ್ಳಿಯು ಲಂಟಾನದ ಜೊತೆಗೇ ಜಗತ್ತಿನ ನೂರು ಅತಿ ಕೆಟ್ಟ ಆಕ್ರಮಣಕಾರಿ ಜೀವಿಗಳ ಪಟ್ಟಿಯಲ್ಲಿದೆ. ಕಾಡಿನಂಚಿನ ಊರುಗಳಲ್ಲಿ, ಕೆರೆ ಹಳ್ಳಗಳ ಪಕ್ಕದ ಮನೆಗಳಲ್ಲಿ ಇಂಥ ಗಿಡಗಳನ್ನು ತರದಿರುವುದು ಉತ್ತಮ. ಬೀಜ ಅಥವಾ ಬಳ್ಳಿಯ ತುಂಡು ತಾನಾಗಿ ಎಷ್ಟು ದೂರ ಹೋಗಬಲ್ಲದು ಎಂಬ ಪ್ರಶ್ನೆಯನ್ನು ನರ್ಸರಿಯಲ್ಲೇ ಕೇಳಿಕೊಳ್ಳಬಹುದು. ಕಾಶಿ ಕಣಗಿಲೆಯ ಮರಿಗಳು ಹೆಚ್ಚಾಗಿ ತಾಯಿಗಿಡದ ಸುತ್ತಲೇ ಏಳುತ್ತವೆ. ಲಂಟಾನದ ಬೀಜ ಹಕ್ಕಿಯ ರೆಕ್ಕೆಯೇರುತ್ತದೆ.

ಕೊಳ್ಳುವ ಕಾಲ ಮತ್ತು ನೆಡುವ ಕಾಲ

ಬೆಂಗಳೂರಿನ ಲಾಲ್‌ಬಾಗಿನಲ್ಲಿ ಗಣರಾಜ್ಯೋತ್ಸವ ಮತ್ತು ಸ್ವಾತಂತ್ರ್ಯೋತ್ಸವಗಳ ಸಂದರ್ಭದಲ್ಲಿ ವರ್ಷಕ್ಕೆರಡು ಫಲಪುಷ್ಪ ಪ್ರದರ್ಶನಗಳು ನಡೆಯುತ್ತವೆ. ಜನವರಿಯ ಪ್ರದರ್ಶನ ನೋಡಿ ಉತ್ಸಾಹಗೊಂಡು ಕೊಂಡು ತಂದ ಗಿಡಗಳು ಮಾರ್ಚ್ ಹೊತ್ತಿಗೆ ಒಣಗಿಹೋಗಿ, "ನಮ್ಮ ಕೈಗುಣ ಸರಿಯಿಲ್ಲ" ಎಂದು ನೊಂದುಕೊಳ್ಳುವವರು ಬಹಳ. ತಪ್ಪು ಕೈಯದಲ್ಲ, ಕಾಲದ್ದು. ಚಳಿಗಾಲದಲ್ಲಿ ಹೂ ತುಂಬಿಕೊಂಡು ಮಾರಾಟಕ್ಕೆ ಬರುವ ಪೆಟೂನಿಯದಂಥ ಗಿಡಗಳು ಬಿಸಿಲೇರಿದಂತೆ ತಮ್ಮ ಆಯುಷ್ಯ ಮುಗಿಸುವಂಥವೇ. ಬಹುಕಾಲ ಬಾಳುವ ಪೊದೆಗಳಿಗೂ ಬೇರು ಹಬ್ಬುವ ಮೊದಲೇ ಬೇಸಿಗೆ ಎದುರಾಗುತ್ತದೆ. ಆಗಸ್ಟಿನ ಪ್ರದರ್ಶನದ ಹೊತ್ತಿಗೆ ಕೊಂಡ ಗಿಡಕ್ಕೆ ಸೆಪ್ಟೆಂಬರ್, ಅಕ್ಟೋಬರ್ ತಿಂಗಳ ಮಳೆ ಒದಗುತ್ತದೆ; ದಕ್ಷಿಣ ಒಳನಾಡಿನಲ್ಲಿ ಮಳೆ ಹೆಚ್ಚಾಗಿ ಬೀಳುವುದೇ ಆಗ. ರೈತರ ಲೆಕ್ಕದಲ್ಲಿ ಮೃಗಶಿರಾ, ಆರಿದ್ರಾ ಮಳೆಗಳ ಕಾಲ, ಅಂದರೆ ಜೂನ್ ಎರಡನೆಯ ವಾರದಿಂದ ಜುಲೈ ಮೊದಲ ವಾರದವರೆಗಿನ ಅವಧಿ, ಕಡ್ಡಿ ನೆಡಲು ಪ್ರಶಸ್ತ.

ನರ್ಸರಿಯ ಗಿಡಗಳು ನೆರಳುಪರದೆಯ ಕೆಳಗೆ ಬೆಳೆದವು. ತಂದ ದಿನವೇ ಪೂರ್ಣ ಬಿಸಿಲಿಗಿಟ್ಟರೆ ಬಿಸಿಲುಗಿಡದ ಎಲೆಯೂ ಸುಡುತ್ತದೆ. ಒಂದು ವಾರ ಬೆಳಗಿನ ಬಿಸಿಲು ಮಾತ್ರ ತೋರಿಸಿ, ನಂತರ ಸಂಜೆಯ ಹೊತ್ತು ನೆಡುವುದು ಕ್ಷೇಮ. ಪ್ಲಾಸ್ಟಿಕ್ ಚೀಲವನ್ನು ಮಣ್ಣಿನ ಹೆಂಟೆ ಒಡೆಯದಂತೆ ಕುಯ್ದು ತೆಗೆಯಬೇಕು; ಚೀಲದ ಸಮೇತ ಹೂಳಿದ ಗಿಡಗಳು ಎರಡು ವರ್ಷದ ನಂತರವೂ ನೆಟ್ಟಷ್ಟೇ ಎತ್ತರದಲ್ಲಿ ನಿಂತಿರುವುದನ್ನು ಕಾಣಬಹುದು. ತೋಟಗಾರಿಕೆ ಇಲಾಖೆಯ ಸಸ್ಯಕ್ಷೇತ್ರಗಳಲ್ಲಿಯೂ ಸಸಿಗಳು ದೊರೆಯುತ್ತವೆ. ದಾಸವಾಳ, ರತ್ನಗಂಧಿಗಳಿಗೆ ಗಿಡದಿಂದ ಗಿಡಕ್ಕೆ ಕನಿಷ್ಠ 4-5 ಅಡಿ ಅಂತರ ಬೇಕು. ಸಸಿಯಾಗಿದ್ದಾಗ ಈ ಅಂತರ ಬೋಳಾಗಿ ಕಾಣುತ್ತದೆ. ನಡುವಿನ ಜಾಗವನ್ನು ಮೊದಲ ಒಂದೆರಡು ವರ್ಷ ಚೆಂಡು ಹೂ, ಟೇಬಲ್ ರೋಸುಗಳಿಂದ ತುಂಬಿಕೊಳ್ಳಬಹುದು.

ನೀರು

ಬಯಲುಸೀಮೆಯ ಚಿತ್ರದುರ್ಗ, ವಿಜಯಪುರದಂಥ ಜಿಲ್ಲೆಗಳಲ್ಲಿ ವರ್ಷಕ್ಕೆ ಸುಮಾರು 600 ಮಿ.ಮೀ. ಆಸುಪಾಸಿನಲ್ಲಿ ಮಳೆಯಾಗುತ್ತದೆ; ಕರಾವಳಿಯಲ್ಲಿ ಅದು 3000 ಮಿ.ಮೀ. ದಾಟುತ್ತದೆ. ಬೆಂಗಳೂರಿನಲ್ಲಿ ನೀರಿನ ಅಭಾವ ತೀವ್ರವಾದಾಗ, 2024ರ ಮಾರ್ಚ್‌ನಲ್ಲಿ, ಜಲಮಂಡಳಿಯು ಕುಡಿಯುವ ನೀರನ್ನು ಕೈತೋಟಕ್ಕೆ ಬಳಸುವುದನ್ನು ನಿಷೇಧಿಸಿ 5000 ರೂಪಾಯಿ ದಂಡ ಗೊತ್ತುಪಡಿಸಿತ್ತು. ಗಿಡಗಳ ಆಯ್ಕೆ ಕೇವಲ ಅಭಿರುಚಿಯ ವಿಷಯವಲ್ಲವೆಂಬುದು ಅಂಥ ಬೇಸಿಗೆಯಲ್ಲಿ ಮನವರಿಕೆಯಾಗುತ್ತದೆ.

ದಿನವೂ ಒಂದು ತಂಬಿಗೆ ನೀರು ಚಿಮುಕಿಸಿದರೆ ಬೇರುಗಳು ಮೇಲ್ಮಣ್ಣಿನಲ್ಲಿಯೇ ಉಳಿದು, ಎರಡು ದಿನ ನೀರು ತಪ್ಪಿದೊಡನೆ ಗಿಡ ಬಾಡುತ್ತದೆ. ವಾರಕ್ಕೊಂದೆರಡು ಸಲ ಬುಡ ಚೆನ್ನಾಗಿ ನೆನೆಯುವಂತೆ ಕೊಟ್ಟರೆ ಬೇರು ಆಳಕ್ಕಿಳಿಯುತ್ತದೆ. ಬೆರಳನ್ನು ಎರಡು ಅಂಗುಲ ಮಣ್ಣಿನೊಳಗೆ ತೂರಿಸಿದಾಗ ತೇವ ತಾಗಿದರೆ ಅಂದು ನೀರು ಬೇಡ. ನೆಟ್ಟ ಮೊದಲ ಬೇಸಿಗೆಯಲ್ಲಿ ಈ ಕ್ರಮವನ್ನು ತಪ್ಪದೆ ಪಾಲಿಸಬೇಕು. ಮರುವರ್ಷದಿಂದ ರತ್ನಗಂಧಿ, ಕಾಗದದ ಹೂ, ದೇವಕಣಗಿಲೆ, ನುಗ್ಗೆಗಳನ್ನು ಬಹುಮಟ್ಟಿಗೆ ಮಳೆಗೇ ಬಿಡಬಹುದು. ದಾಸವಾಳ, ಕರಿಬೇವುಗಳಿಗೆ ಬೇಸಿಗೆಯಲ್ಲಿ ನೀರು ಮುಂದುವರಿಸಬೇಕು. ಬುಡದ ಸುತ್ತ ಒಣ ಎಲೆ, ರಾಗಿ ಹುಲ್ಲು, ಕಡಲೆಕಾಯಿ ಸಿಪ್ಪೆ ಅಥವಾ ತೆಂಗಿನ ನಾರನ್ನು ಎರಡು ಮೂರು ಅಂಗುಲ ದಪ್ಪಕ್ಕೆ ಹೊದಿಸಿದರೆ ತೇವ ಹೆಚ್ಚು ದಿನ ಉಳಿಯುತ್ತದೆ. ಹೊದಿಕೆ ಕಾಂಡಕ್ಕೆ ತಾಗದಂತಿರಬೇಕು. ಅಕ್ಕಿ, ಬೇಳೆ, ತರಕಾರಿ ತೊಳೆದ ನೀರು ಗಿಡಗಳಿಗೆ ಯೋಗ್ಯ. ಬಟ್ಟೆ ಒಗೆದ ಸೋಪಿನ ನೀರನ್ನು ಒಂದೇ ಗಿಡಕ್ಕೆ ಸದಾ ಹಾಕುತ್ತಿದ್ದರೆ ಮಣ್ಣು ಕೆಡುತ್ತದೆ. ಕೊಳವೆಬಾವಿಯ ಗಡಸು ನೀರನ್ನೇ ನೆಚ್ಚಿಕೊಂಡ ಮನೆಗಳಲ್ಲಿ ಕುಂಡದ ಅಂಚಿನಲ್ಲಿ ಬಿಳಿಯ ಲವಣ ಕಟ್ಟುವುದುಂಟು. ಮಳೆಗಾಲದಲ್ಲಿ ಅಂಥ ಕುಂಡಗಳನ್ನು ಸೂರಿನಿಂದ ಹೊರಗೆ ತಂದು, ಮಳೆನೀರು ಮಣ್ಣಿನ ಮೂಲಕ ಹರಿದುಹೋಗಲು ಬಿಟ್ಟರೆ ಲವಣ ತೊಳೆದುಹೋಗುತ್ತದೆ.